ಮುಖ ಬದಲಾದರೂ ಬದಲಾಗದ ಕಾಗದ: ಎಬೆರಾನ್ ಲೋಕದ ಮನೆತನಗಳು ಮತ್ತು ಚೇಂಜ್‌ಲಿಂಗ್‌ಗಳು

ಪಾತ್ರಾಭಿನಯ ಆಟಗಳ ಅಧ್ಯಯನಕ್ಕೆ ಗಟ್ಟಿ ಬುನಾದಿ ಬಿದ್ದು ನಾಲ್ಕು ದಶಕಗಳಾದವು. ಗ್ಯಾರಿ ಅಲನ್ ಫೈನ್ 1983ರಲ್ಲಿ ಆಟಗಾರರ ನಡುವೆ ಕುಳಿತು ಅವರ ಸಮಾಜವನ್ನು ವಿವರಿಸಿದರು. ಜಾನ್ ಪೀಟರ್ಸನ್ 2012ರಲ್ಲಿ ಈ ಆಟಗಳು ಯುದ್ಧದಾಟಗಳಿಂದ ಹುಟ್ಟಿಬಂದ ಚರಿತ್ರೆಯನ್ನು ದಾಖಲೆಗಳ ಸಮೇತ ಕಟ್ಟಿಕೊಟ್ಟರು. ಜನಪ್ರಿಯ ಫ್ಯಾಂಟಸಿಯಲ್ಲಿ ಜನಾಂಗದ ಕಲ್ಪನೆ ಹೇಗೆ ಬೇರೂರಿದೆ ಎಂಬುದನ್ನು ಹೆಲೆನ್ ಯಂಗ್ ತೋರಿಸಿದ್ದಾರೆ: ಈ ಪ್ರಕಾರದಲ್ಲಿ ಸ್ವಭಾವ, ಸಾಮರ್ಥ್ಯ, ಸ್ಥಾನಮಾನಗಳೆಲ್ಲ ದೇಹಕ್ಕೂ ರಕ್ತಕ್ಕೂ ಅಂಟಿಕೊಂಡಿರುತ್ತವೆ. ಒಟ್ಟಾರೆ ಪ್ರಕಾರದ ಮಟ್ಟಿಗೆ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಅದೇ ಚೌಕಟ್ಟನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎಬೆರಾನ್ ಲೋಕದಲ್ಲಿರುವ, ರೂಪ ಬದಲಿಸಬಲ್ಲ ಚೇಂಜ್‌ಲಿಂಗ್‌ಗಳಿಗೆ ಹಾಗೆಯೇ ಅನ್ವಯಿಸಿದರೆ ಮುಖ್ಯವಾದ ಒಂದು ಸಂಗತಿ ಕೈತಪ್ಪುತ್ತದೆ ಎಂಬುದು ನನ್ನ ತಕರಾರು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಡಾಪಲ್‌ಗ್ಯಾಂಗರ್ ಬಂದದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ. ಬೇರೆಯವರ ರೂಪ ತಾಳಿ ಮೋಸಮಾಡುವ ಶತ್ರು ಅದು. ಆಟಗಾರರಿಗೆ ಅದರೊಡನೆ ಕಾದಾಟವಲ್ಲದೆ ಬೇರೆ ಸಂಬಂಧವಿರಲಿಲ್ಲ. 2004ರಲ್ಲಿ ಕೀತ್ ಬೇಕರ್ ಅವರ ಕಲ್ಪನೆಯ ಎಬೆರಾನ್ ಪ್ರಕಟವಾದಾಗ, ಡಾಪಲ್‌ಗ್ಯಾಂಗರ್ ಮತ್ತು ಮನುಷ್ಯರ ಸಂತತಿಯಾದ ಚೇಂಜ್‌ಲಿಂಗ್ ಆಟಗಾರರೇ ಆರಿಸಿಕೊಳ್ಳಬಹುದಾದ ಜನಾಂಗವಾಯಿತು. ಇವರು ಆ ಲೋಕದ ನಗರಗಳಲ್ಲಿ ಎಲ್ಲರಂತೆ ಬದುಕುವವರು, ಆದರೆ ಯಾರೂ ನಂಬದವರು.

ಆ ನಗರಗಳಲ್ಲಿ ನಿಜವಾಗಿ ಅಧಿಕಾರ ಯಾರದು? ಗಾಲಿಫರ್ ಸಾಮ್ರಾಜ್ಯ ಒಡೆದು, ನೂರು ವರ್ಷ ಮೀರಿದ ಯುದ್ಧ ಆ ಲೋಕದ ಗಣನೆಯ 996ರಲ್ಲಿ ಥ್ರೋನ್‌ಹೋಲ್ಡ್ ಒಪ್ಪಂದದೊಂದಿಗೆ ಮುಗಿದಿದೆ. ರಾಜ್ಯಗಳು ಬಸವಳಿದಿವೆ. ಮೈಮೇಲೆ ಮೂಡುವ ಮಾಂತ್ರಿಕ ಗುರುತು, ಅಂದರೆ ಡ್ರ್ಯಾಗನ್‌ಮಾರ್ಕ್, ಇರುವ ಮನೆತನಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಮಾನ್ಯತೆ ಪಡೆದ ಗುರುತುಗಳು 12, ಮನೆತನಗಳು 13. ನೆರಳಿನ ಗುರುತನ್ನು ಎರಡು ಮನೆತನಗಳು ಹಂಚಿಕೊಂಡಿವೆ. ಕಾರ್ತ್ ಶಾಸನಗಳ ಪ್ರಕಾರ ಇವು ಭೂಮಿ ಹೊಂದುವಂತಿಲ್ಲ, ರಾಜಪದವಿ ಪಡೆಯುವಂತಿಲ್ಲ. ಆದರೂ ವೈದ್ಯ, ಸಾರಿಗೆ, ಬ್ಯಾಂಕು, ಪತ್ರವ್ಯವಹಾರ ಎಲ್ಲವೂ ಇವುಗಳ ಗಿಲ್ಡ್‌ಗಳ ಹಿಡಿತದಲ್ಲೇ ಇವೆ. ಇಷ್ಟರ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ವಿವಾದ ಇರುವುದು ಚೇಂಜ್‌ಲಿಂಗ್‌ಗಳ ಮೇಲಿನ ಶಂಕೆ ಎಲ್ಲಿಂದ ಬಂತು ಎಂಬಲ್ಲಿ. ರಕ್ತದಿಂದ ಎನ್ನುವುದು ಸುಲಭದ ಉತ್ತರ. ಆಟದ ನಿಯಮಪಠ್ಯವನ್ನೇ ಹತ್ತಿರದಿಂದ ಓದಿದರೆ ಬೇರೆ ಚಿತ್ರ ಕಾಣುತ್ತದೆ. 2004ರ ನಿಯಮದಲ್ಲಿ ಚೇಂಜ್‌ಲಿಂಗ್‌ನ ಶಕ್ತಿಯನ್ನು 'ಡಿಸ್‌ಗೈಸ್ ಸೆಲ್ಫ್' ಎಂಬ ಮಂತ್ರಕ್ಕೆ ಹೋಲಿಸಿ ವಿವರಿಸಲಾಗಿದೆ. ಜೊತೆಗೇ ಒಂದು ಷರತ್ತಿದೆ: ಬದಲಾಗುವುದು ದೇಹ ಮಾತ್ರ, ಮೈಮೇಲಿನ ವಸ್ತುಗಳಲ್ಲ. ಹದಿನೈದು ವರ್ಷಗಳ ನಂತರ, 2019ರ 'ರೈಸಿಂಗ್ ಫ್ರಮ್ ದಿ ಲಾಸ್ಟ್ ವಾರ್' ಪುಸ್ತಕದಲ್ಲಿ ನಿಯಮಗಳ ಇಡೀ ವ್ಯವಸ್ಥೆಯೇ ಬದಲಾಗಿದೆ. ಹಾಗಿದ್ದೂ ಈ ಷರತ್ತು ಉಳಿದಿದೆ: ಬಟ್ಟೆಯೂ ಸಲಕರಣೆಯೂ ಬದಲಾಗುವುದಿಲ್ಲ. ಹಾಗಾದರೆ ಜೇಬಿನಲ್ಲಿರುವ ಗುರುತುಪತ್ರವೂ ಬದಲಾಗುವುದಿಲ್ಲ. ಆ ಪತ್ರಗಳಿಗೆ ಪ್ರಮಾಣಮುದ್ರೆ ಒತ್ತುವುದು ಲಿಪಿಯ ಗುರುತುಳ್ಳ ಸಿವಿಸ್ ಮನೆತನ. ಭಾವಚಿತ್ರ ಇರುವ ಪತ್ರಕ್ಕೆ ಬೆಲೆ ಹೆಚ್ಚು.

ಇದರ ಪಕ್ಕದಲ್ಲಿ ಇನ್ನೊಂದು ಸಾಕ್ಷ್ಯವನ್ನು ಇಟ್ಟು ನೋಡಬೇಕು. ನೆರಳಿನ ಗುರುತುಳ್ಳ ಫಿಯರ್ಲಾನ್ ಮನೆತನದ ಎಲ್ಫ್‌ಗಳಿಗೆ ಆ ಗುರುತು ಕೊಡಬಲ್ಲ ಶಕ್ತಿಗಳಲ್ಲಿ ಅದೇ ಡಿಸ್‌ಗೈಸ್ ಸೆಲ್ಫ್ ಇದೆ. 2004ರಲ್ಲೂ ಇದೆ, 2019ರ ಮಂತ್ರಪಟ್ಟಿಯಲ್ಲೂ ಇದೆ. ಮಂತ್ರವಾಗಿ ಬಳಸಿದಾಗ ಅದು ಉಡುಪನ್ನೂ ಮರೆಮಾಚುತ್ತದೆ. ಎಂದರೆ ಮೋಸದ ಸಾಧ್ಯತೆ ಚೇಂಜ್‌ಲಿಂಗ್‌ಗಿಂತ ಎಲ್ಫ್‌ಗೇ ಒಂದು ಹೆಜ್ಜೆ ಹೆಚ್ಚು. ಆದರೂ ಎಲ್ಫ್ ರಂಗಮಂಚದ ಕಲಾವಿದ, ಚೇಂಜ್‌ಲಿಂಗ್ ಶಂಕಿತ. ಫಿಯರ್ಲಾನ್ ತೆರೆಮರೆಯಲ್ಲಿ ಗೂಢಚರ್ಯೆ ನಡೆಸುತ್ತದೆ ಎಂಬುದು ಪುಸ್ತಕ ಓದಿದ ಎಲ್ಲರಿಗೂ ಗೊತ್ತು. ಷಾರ್ನ್ ನಗರದಲ್ಲಿ ಚೇಂಜ್‌ಲಿಂಗ್ ಮತ್ತು ಡಾಪಲ್‌ಗ್ಯಾಂಗರ್‌ಗಳ ಟೈರಂಟ್ಸ್ ಕೂಟ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದರೆ ಅದು ಅಪರಾಧಿಗಳ ತಂಡ ಎನಿಸಿಕೊಳ್ಳುತ್ತದೆ.

ಹಾಗಾಗಿ ನನ್ನ ವಾದ ಇದು: ಈ ಲೋಕದಲ್ಲಿ ಶಂಕೆ ಅಂಟುವುದು ರೂಪಾಂತರಕ್ಕಲ್ಲ, ಗಿಲ್ಡ್‌ನ ಪರವಾನಗಿ ಇಲ್ಲದ ರೂಪಾಂತರಕ್ಕೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಮುಖವನ್ನು ನಂಬಲಾಗದ ಜನ ಇರುವುದರಿಂದಲೇ ಸಿವಿಸ್‌ನ ಮುದ್ರೆಗೂ, ಪತ್ತೆಯ ಗುರುತುಳ್ಳ ಮೆಡಾನಿ ಮನೆತನದ ಕಾವಲಿಗೂ ಇಷ್ಟು ಬೆಲೆ ಬಂದಿದೆ.

ಈ ಎರಡನೆಯ ಮಾತನ್ನು ಎಚ್ಚರದಿಂದ ಮುಂದಿಡುತ್ತಿದ್ದೇನೆ. ಮೂಲಪುಸ್ತಕ ಹೀಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಸಿವಿಸ್‌ನ ವಹಿವಾಟಿಗೆ ಯುದ್ಧಾನಂತರದ ಗಡಿತಪಾಸಣೆಯೇ ಸಾಕಷ್ಟು ಕಾರಣವಾಗಬಹುದು. ಅದಕ್ಕಿಂತ ದೊಡ್ಡ ಅಡಚಣೆ ಇನ್ನೊಂದಿದೆ. ಪರವಾನಗಿ ಕೊಡುವ ಆ ಗುರುತುಗಳೇ ನಿರ್ದಿಷ್ಟ ಜನಾಂಗಗಳ ರಕ್ತದಲ್ಲಿ ಹರಿಯುತ್ತವೆ, ಚೇಂಜ್‌ಲಿಂಗ್‌ಗಳಿಗೆ ಮಾನ್ಯ ಗುರುತು ಯಾವುದೂ ಇಲ್ಲ. ಅಂದಮೇಲೆ ಯಂಗ್ ಅವರ ಚೌಕಟ್ಟು ಹಿಂಬಾಗಿಲಿನಿಂದ ಮರಳಿ ಬರುತ್ತದೆ, ಅದನ್ನು ತಡೆಯುವ ಉದ್ದೇಶವೂ ನನಗಿಲ್ಲ. ರಕ್ತ ಮತ್ತು ಶಂಕೆಯ ನಡುವೆ ಮಾರುಕಟ್ಟೆ ನಿಂತಿದೆ, ಆ ನಡುವಿನ ಕೊಂಡಿಯನ್ನು ಬಿಟ್ಟು ಓದಬಾರದು ಎಂಬಷ್ಟೇ ನನ್ನ ಒತ್ತಾಯ. ವೃಕಮಾನವರ ಸಂತತಿ ಎನಿಸಿದ ಶಿಫ್ಟರ್‌ಗಳಿಗೆ ಈ ವಾದ ಒಗ್ಗುವುದಿಲ್ಲ. ಸಿಲ್ವರ್ ಫ್ಲೇಮ್ ಧರ್ಮಪೀಠ ವೃಕಮಾನವರ ಮೇಲೆ ಸಾರಿದ ಬೇಟೆಯಲ್ಲಿ ಶಿಫ್ಟರ್‌ಗಳು ನರಳಿದ್ದು ನೇರವಾಗಿ ರಕ್ತದ ಕಾರಣಕ್ಕೆ. ಅಲ್ಲಿ ಯಾವ ಗಿಲ್ಡ್‌ನ ಲಾಭವೂ ನನಗೆ ಕಾಣುವುದಿಲ್ಲ.

ಪುಸ್ತಕದಲ್ಲಿರುವ ಗುರುತುಪತ್ರ ಆಟದ ಮೇಜಿನ ಮೇಲೆ ಎಷ್ಟು ಬಾರಿ ಬರುತ್ತದೆ, ನಗರದ ಹೆಬ್ಬಾಗಿಲಲ್ಲಿ ಕಾವಲುಗಾರ ನಿಜಕ್ಕೂ ಅದನ್ನು ಕೇಳುತ್ತಾನೆಯೇ, ಅಥವಾ ಆಟ ನಡೆಸುವವರು ಆ ಗೊಡವೆಯೇ ಬೇಡವೆಂದು ಬಿಟ್ಟುಬಿಡುತ್ತಾರೆಯೇ ಎಂಬ ಪ್ರಶ್ನೆ ತೆರೆದೇ ಇದೆ. ನಿಯಮಪಠ್ಯವೊಂದನ್ನೇ ಓದಿ ಅದಕ್ಕೆ ಉತ್ತರ ಹೇಳಲಾಗದು. ಫೈನ್ ಮಾಡಿದಂತೆ ಆಟಗಾರರ ನಡುವೆ ಕುಳಿತು, ನಡೆದ ಆಟಗಳನ್ನು ದಾಖಲಿಸುವವರು ಬೇಕು. ಎಬೆರಾನ್ ಆಡುತ್ತಿರುವ ತಂಡಗಳ ಜೊತೆ ಒಡನಾಟವಿರುವ ಸಂಶೋಧಕರು ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.