ನಾನಾ ಸಾಹೇಬನ ವೇಷ ಹಾಕಿದ ಐರಿಷ್ ನಟ

1858ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಾಲಕ್ಸ್ ಥಿಯೇಟರಿನಲ್ಲಿ ಒಂದು ಹೊಸ ನಾಟಕ ರಂಗಕ್ಕೆ ಬಂತು. ಹೆಸರು 'ಜೆಸ್ಸಿ ಬ್ರೌನ್, ಅಥವಾ ಲಖನೌ ವಿಮೋಚನೆ'. ಲಖನೌ ನಗರ ಆಗಿನ್ನೂ ಬೇಗಂ ಹಜರತ್ ಮಹಲ್ ಅವರ ಕಡೆಯವರ ಕೈಯಲ್ಲೇ ಇತ್ತು. ಬ್ರಿಟಿಷರು ಅದನ್ನು ಪೂರ್ತಿಯಾಗಿ ಗೆದ್ದದ್ದು ಮಾರ್ಚಿನಲ್ಲಿ. ಯುದ್ಧ ಮುಗಿಯುವ ಮೊದಲೇ ಅದು ಟಿಕೆಟ್ಟಿನ ಸರಕಾಗಿತ್ತು.

ನಾಟಕ ಬರೆದವನು ಡಬ್ಲಿನ್ನಿನಲ್ಲಿ ಹುಟ್ಟಿದ ಡಯಾನ್ ಬೂಸಿಕೋ. ಜೆಸ್ಸಿಯ ಪಾತ್ರ ಅವನ ಹೆಂಡತಿ ಆಗ್ನೆಸ್ ರಾಬರ್ಟ್‌ಸನ್‌ಳದು. ಖಳನಾಯಕ ನಾನಾ ಸಾಹೇಬನ ವೇಷ ಹಾಕಿದವನು ಸ್ವತಃ ಬೂಸಿಕೋ. ಪ್ರೇಕ್ಷಕರ ಸಿಟ್ಟಿಗೆ ಹೆದರಿ ಬೇರೆ ಯಾವ ನಟನೂ ಆ ಪಾತ್ರಕ್ಕೆ ಒಪ್ಪಲಿಲ್ಲ ಎಂಬ ಮಾತು ರಂಗಭೂಮಿಯ ಚರಿತ್ರೆಯಲ್ಲಿ ಉಳಿದುಕೊಂಡಿದೆ. ನಾನಾ ಸಾಹೇಬನ ಹೋರಾಟದ ನೆಲ ಕಾನ್ಪುರ. ನಾಟಕ ಅವನನ್ನು ಲಖನೌಗೆ ತಂದು ನಿಲ್ಲಿಸಿ, ಬಿಳಿಯ ಹೆಣ್ಣನ್ನು ಬಯಸುವ ರಾಕ್ಷಸನನ್ನಾಗಿ ಮಾಡಿತು.

ಈ ಬೂಸಿಕೋ ಸಾಮಾನ್ಯ ಆಸಾಮಿಯಲ್ಲ. 1841ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, 'ಲಂಡನ್ ಅಶ್ಯೂರೆನ್ಸ್' ಎಂಬ ಪ್ರಹಸನದಿಂದ ಲಂಡನ್ನನ್ನು ಗೆದ್ದವನು. 1853ರಲ್ಲಿ ಅಮೆರಿಕಕ್ಕೆ ಹೋಗಿ ನಟ, ನಾಟಕಕಾರ, ವ್ಯವಸ್ಥಾಪಕ ಎಲ್ಲವೂ ಆದ. ನಾಟಕಕಾರನಿಗೆ ಪ್ರದರ್ಶನದ ಹಕ್ಕು ಕೊಟ್ಟ ಅಮೆರಿಕದ 1856ರ ಕಾಯಿದೆಗಾಗಿ ಓಡಾಡಿದವರಲ್ಲಿ ಅವನೂ ಒಬ್ಬ. ಬರೆದದ್ದು, ರೂಪಾಂತರಿಸಿದ್ದು ಸೇರಿ ನೂರಕ್ಕೂ ಹೆಚ್ಚು ನಾಟಕಗಳು.

ಅವನ ನಿಜವಾದ ಕೀರ್ತಿ ಐರಿಷ್ ನಾಟಕಗಳದು. ಇಂಗ್ಲಿಷ್ ರಂಗಭೂಮಿಯಲ್ಲಿ ಐರಿಷ್‌ನವನೆಂದರೆ ಕುಡುಕ, ಪೆದ್ದ, ಜಗಳಗಂಟ. ಬೂಸಿಕೋ ಅದೇ ನಗೆಗಾರನನ್ನು ತೆಗೆದುಕೊಂಡು ಅವನಿಗೆ ಬುದ್ಧಿ, ಧೈರ್ಯ, ಹೃದಯ ಕೊಟ್ಟ. 1860ರ 'ಕಾಲೀನ್ ಬಾನ್', 1864ರ 'ಆರಾ ನಾ ಪೋಗ್', 1874ರ 'ಶಾಕ್ರಾನ್' ಈ ಮೂರರಲ್ಲೂ ಬಡ ಹಳ್ಳಿಗನ ಪಾತ್ರ ಅವನದೇ. 'ಶಾಕ್ರಾನ್'ನ ಅಲೆಮಾರಿ ಕಾನ್, ತನ್ನದೇ ಶವದ ಜಾಗರಣೆಯಲ್ಲಿ ಹೆಣದಂತೆ ಮಲಗಿ, ಸುತ್ತ ಅಳುವವರ ಹೊಗಳಿಕೆ ಕೇಳುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ಆದರೆ ಆ ಕಥೆಯ ನಡುವೆ ಇದ್ದವನು ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದ ಒಬ್ಬ ಬಂಡಾಯಗಾರ ಕೈದಿ. 1876ರಲ್ಲಿ ಬೂಸಿಕೋ ಪ್ರಧಾನಿ ಡಿಸ್ರೇಲಿಗೆ ಬಹಿರಂಗ ಪತ್ರ ಬರೆದು, ಅಂಥ ಐರಿಷ್ ಕೈದಿಗಳನ್ನು ಬಿಟ್ಟುಬಿಡಿ ಎಂದು ಕೇಳಿದ.

ಇಲ್ಲಿ ನಮಗೊಂದು ಪ್ರಶ್ನೆ ಏಳುತ್ತದೆ. 1845ರಿಂದ ನಾಲ್ಕೈದು ವರ್ಷ ಕಾಡಿದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಐರಿಷ್ ಜನ ಸತ್ತರು. ಅವರನ್ನು ಆಳುತ್ತಿದ್ದ ದೊರೆಗಳೇ ಅವಧ್ ನುಂಗಿದವರು. ಹಾಗಿದ್ದೂ ಐರ್ಲೆಂಡಿನ ಬಂಡಾಯಗಾರ ಅವನ ಕಣ್ಣಿಗೆ ವೀರನಾದ, ಅವಧ್‌ನ ಬಂಡಾಯಗಾರ ಕಟುಕನಾದ. ಕಾನ್ಪುರದಲ್ಲಿ ಹೆಂಗಸರು, ಮಕ್ಕಳ ಕೊಲೆಯಾದದ್ದು ನಿಜ, ಅದನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಸೇಡಿಗೆ ಬಂದ ಬ್ರಿಟಿಷ್ ಪಡೆಗಳು ದಾರಿಯುದ್ದಕ್ಕೂ ಮರಗಳಿಗೆ ನೇತುಹಾಕಿದವರ ಪರವಾಗಿ ನ್ಯೂಯಾರ್ಕಿನ ರಂಗದಲ್ಲಿ ಯಾರೂ ಮಾತಾಡಲಿಲ್ಲ.

ಅವನಿಗೆ ಪರರ ನೋವು ತಿಳಿಯುತ್ತಿರಲಿಲ್ಲ ಎನ್ನುವಂತಿಲ್ಲ. 1859ರ ಡಿಸೆಂಬರಿನಲ್ಲಿ, ಗುಲಾಮಗಿರಿಯ ವಿರುದ್ಧ ಆಯುಧವೆತ್ತಿದ ಜಾನ್ ಬ್ರೌನ್‌ನನ್ನು ಗಲ್ಲಿಗೇರಿಸಿದ ಕೆಲವೇ ದಿನಗಳಲ್ಲಿ, ಅವನ 'ಆಕ್ಟರೂನ್' ರಂಗಕ್ಕೆ ಬಂತು. ಹರಾಜಿಗೆ ನಿಂತ ಮಿಶ್ರ ರಕ್ತದ ಹೆಣ್ಣು ಜೋಯಿಯ ಕಥೆ ಅದು. ಕೊನೆಗೆ ಅವಳು ವಿಷ ಕುಡಿದು ಸಾಯುತ್ತಾಳೆ. 1861ರಲ್ಲಿ ಲಂಡನ್ನಿನ ಪ್ರೇಕ್ಷಕರು ಈ ಅಂತ್ಯವನ್ನು ಒಪ್ಪಲಿಲ್ಲ; ಬೂಸಿಕೋ ಅವಳನ್ನು ಬದುಕಿಸಿಬಿಟ್ಟ.

ಈ ಬದಲಾವಣೆಯಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ ಎನಿಸುತ್ತದೆ. ಜೋಯಿಗಾಗಿ ಕಣ್ಣೀರಿಡಲು ಟಿಕೆಟ್ಟು ಕೊಂಡವರಿದ್ದರು. ಐರಿಷ್ ಅಲೆಮಾರಿಗಾಗಿ ನ್ಯೂಯಾರ್ಕಿನ ಸಾವಿರಾರು ಐರಿಷ್ ವಲಸಿಗರಿದ್ದರು. ಲಖನೌನವರಿಗಾಗಿ ಆ ಸಭಾಂಗಣದಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

ಬೂಸಿಕೋ 1890ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ತನ್ನ ಜನರ ಮೇಲಿನ ಕುಚೋದ್ಯವನ್ನು ಅಳಿಸಿದ ಅವನ ಸಾಧನೆ ದೊಡ್ಡದು, ಅದನ್ನು ನಾವು ಕಡಿಮೆ ಮಾಡಬೇಕಿಲ್ಲ. ಆದರೆ ಪರದೆಯ ಮೇಲೆ ಇಂದಿಗೂ ಒಂದೇ ಬಗೆಯ ಖಳನನ್ನು ನೋಡುವಾಗ, ಆ ಚಿತ್ರಮಂದಿರದಲ್ಲಿ ಯಾರ ಕುರ್ಚಿ ಖಾಲಿಯಿದೆ ಎಂದು ನಾವು ಕೇಳಿಕೊಳ್ಳಲೇಬೇಕು.