ತಾರೀಖು ಬರೆಯುವ ಕ್ರಮ



ಇತಿಹಾಸದ ಪಾಠದಲ್ಲಿ ನಾನು ಐಹೊಳೆಯ ಮೇಗುಟಿ ಶಾಸನವನ್ನು ತಪ್ಪದೆ ಪ್ರಸ್ತಾಪಿಸುತ್ತಿದ್ದುದು ನಿಮಗೆ ನೆನಪಿರಬಹುದು. ಇಮ್ಮಡಿ ಪುಲಕೇಶಿಯ ಕಾಲದ ಈ ಶಾಸನದಲ್ಲಿ ಕವಿ ರವಿಕೀರ್ತಿಯು ಕಾಲವನ್ನು ಎರಡು ಬಗೆಯಲ್ಲಿ ನಮೂದಿಸಿದ್ದಾನೆ. ಭಾರತ ಯುದ್ಧ ನಡೆದು 3735 ವರ್ಷಗಳು ಸಂದವು ಎಂಬುದು ಒಂದು. ಶಕ ವರ್ಷ 556 ಸಂದಿತು ಎಂಬುದು ಇನ್ನೊಂದು. ಎರಡೂ ಲೆಕ್ಕಗಳು ಕ್ರಿ.ಶ. 634ಕ್ಕೇ ಬಂದು ನಿಲ್ಲುತ್ತವೆ. ಒಂದರಲ್ಲಿ ಸಂಶಯ ಬಂದರೆ ಮತ್ತೊಂದು ಸಾಕ್ಷಿ ನುಡಿಯುತ್ತದೆ.

ಆದರೆ ಹಳೆಯ ಬರಹವೊಂದರಲ್ಲಿ ‘ಪ್ರಭವ ಸಂವತ್ಸರ’ ಎಂದಷ್ಟೇ ಇದ್ದರೆ ಸಂಶೋಧಕರಿಗೆ ತೊಡಕು. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳುತ್ತವೆ. 1927ರಲ್ಲಿ ಬಂದ ಪ್ರಭವ 1987ರಲ್ಲಿ ಪುನಃ ಬಂದಿತು. ಆಗ ಲಿಪಿಯ ರೂಪವನ್ನೋ, ಅರಸನ ಹೆಸರನ್ನೋ ನೋಡಿ ಕಾಲವನ್ನು ನಿರ್ಧರಿಸಬೇಕಾಗುತ್ತದೆ.

ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುವ ಅಭ್ಯಾಸವೂ ಇಂಥದ್ದೇ. ಅದು ನೂರು ವರ್ಷಗಳಿಗೊಮ್ಮೆ ಮರಳುತ್ತದೆ. 2000ನೇ ಇಸವಿ ಸಮೀಪಿಸಿದಾಗ ಜಗತ್ತಿನ ಗಣಕಯಂತ್ರಗಳಿಗೆ ಎದುರಾದ ಆತಂಕಕ್ಕೆ ಇದೇ ಕಾರಣ. ಇಂದಿಗೂ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ವ್ಯವಸ್ಥೆಯು ಇಸವಿಯ ಸ್ಥಾನದಲ್ಲಿ 61 ಎಂದಿದ್ದರೆ 2061 ಎಂದೇ ತಿಳಿಯುತ್ತದೆ. 70 ಎಂದಿದ್ದರೆ 1970 ಎನ್ನುತ್ತದೆ.

ಇನ್ನು ಕ್ರಮದ ವಿಚಾರ. 04/05/1961 ಎಂಬುದನ್ನು ನಾವು ಮೇ 4 ಎಂದು ಓದುತ್ತೇವೆ. ಅಮೆರಿಕದವರು ಏಪ್ರಿಲ್ 5 ಎಂದು ಓದುತ್ತಾರೆ. ಅದು ಸರ್ಕಾರಿ ನೌಕರನೊಬ್ಬನ ಜನ್ಮದಿನಾಂಕವಾದರೆ ನಿವೃತ್ತಿಯ ತಿಂಗಳೇ ಬದಲಾಗುತ್ತದೆ. ಈ ಗೊಂದಲ ನೀಗಲೆಂದು 1988ರಲ್ಲಿ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು. ಮೊದಲು ನಾಲ್ಕು ಅಂಕಿಗಳ ಇಸವಿ, ಅನಂತರ ತಿಂಗಳು, ಕೊನೆಗೆ ದಿನ: 1961-05-04. ಹೀಗೆ ಬರೆದ ತಾರೀಖುಗಳನ್ನು ಅಂಕಿಗಳ ಕ್ರಮದಲ್ಲಿ ಜೋಡಿಸಿದರೆ ಅವು ಕಾಲಕ್ರಮದಲ್ಲಿಯೇ ನಿಲ್ಲುತ್ತವೆ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜನ್ಮದಿನಾಂಕವನ್ನು ಅಂಕಿಗಳಲ್ಲಿಯೂ ಅಕ್ಷರಗಳಲ್ಲಿಯೂ ಬರೆಯುವ ಪದ್ಧತಿಯುಂಟು. ರವಿಕೀರ್ತಿಯ ಎರಡು ಲೆಕ್ಕಗಳಂತೆ ಇದೂ ಎರಡು ಸಾಕ್ಷಿ. ಗಣಕಯಂತ್ರದ ಕೋಷ್ಟಕದಲ್ಲಿ ತಾರೀಖಿಗೆ ಇರುವುದು ಸಾಮಾನ್ಯವಾಗಿ ಒಂದೇ ಮನೆ. ಆದ್ದರಿಂದ ಹಳೆಯ ಪುಸ್ತಕಗಳಿಂದ ಇಳಿಸಿಕೊಳ್ಳುವಾಗ ಅಕ್ಷರಗಳಲ್ಲಿ ಬರೆದುದನ್ನೂ ಓದಿ ತಾಳೆ ನೋಡಿರಿ. ಆ ಅಂಕಣವನ್ನು ಬರಿಯ ಪಠ್ಯವೆಂದು ಬಿಡದೆ ‘ಡೇಟ್’ ಎಂದೇ ಗೊತ್ತುಪಡಿಸಿರಿ. ಆಗ ಫೆಬ್ರವರಿ 30ರಂತಹ ಇಲ್ಲದ ದಿನ ಒಳಹೋಗುವುದು ತಪ್ಪುತ್ತದೆ. ದಿನ ತಿಳಿಯದಿದ್ದರೆ ಊಹಿಸಿ ಜೂನ್ 1 ಎಂದು ತುಂಬಬೇಡಿರಿ, ಖಾಲಿ ಬಿಡಿರಿ. ಖಾಲಿ ಮನೆಯನ್ನು ಮುಂದೆ ಯಾರಾದರೂ ವಿಚಾರಿಸಿ ತುಂಬಿಯಾರು. ಊಹೆಯ ತಾರೀಖನ್ನು ಯಾರೂ ಸಂಶಯಿಸುವುದಿಲ್ಲ.