ಕನ್ನಡದಲ್ಲಿ ಉಚ್ಚಾರಣಾ ವ್ಯತ್ಯಾಸಗಳು

ಕನ್ನಡದಲ್ಲಿ ಉಚ್ಚಾರಣಾ ವ್ಯತ್ಯಾಸಗಳು ಎಂದರೆ ಬರಹದಲ್ಲಿರುವ ರೂಪಕ್ಕಿಂತ ಭಿನ್ನವಾಗಿ ಪದಗಳನ್ನು ನುಡಿಯುವ ರೂಢಿಗಳು. ಇವುಗಳಲ್ಲಿ ಕೆಲವನ್ನು ಶಿಷ್ಟ ಭಾಷೆಯ ದೃಷ್ಟಿಯಿಂದ ಉಚ್ಚಾರಣಾ ದೋಷಗಳೆಂದು ಪರಿಗಣಿಸಲಾಗುತ್ತದೆ. ಇನ್ನು ಕೆಲವು ಪ್ರಾದೇಶಿಕ ಉಪಭಾಷೆಗಳ ಸಹಜ ಲಕ್ಷಣಗಳಾಗಿವೆ. ಅಲ್ಪಪ್ರಾಣ-ಮಹಾಪ್ರಾಣ, ಶ-ಷ-ಸ, ಲ-ಳ, ಅ-ಹ ಇವುಗಳ ನಡುವಿನ ಗೊಂದಲ ಹಾಗೂ ಹಕಾರವಿರುವ ಒತ್ತಕ್ಷರಗಳ ತೊಡಕು ಇವುಗಳಲ್ಲಿ ಮುಖ್ಯವಾದವು. ಈ ವ್ಯತ್ಯಾಸಗಳಲ್ಲಿ ಹೆಚ್ಚಿನವು ಆಕಸ್ಮಿಕವಲ್ಲ. ಸಂಸ್ಕೃತ ಪದಗಳು ಹಿಂದೆ ತದ್ಭವಗಳಾದ ದಾರಿಯಲ್ಲಿಯೇ ಇವೂ ನಡೆಯುತ್ತವೆ.

ಹಿನ್ನೆಲೆ

ಇಂದಿನ ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಇವುಗಳಲ್ಲಿ 13 ಸ್ವರಗಳು, 2 ಯೋಗವಾಹಗಳು ಮತ್ತು 34 ವ್ಯಂಜನಗಳು. ವರ್ಗೀಯ ವ್ಯಂಜನಗಳಲ್ಲಿ 10 ಮಹಾಪ್ರಾಣಗಳಿವೆ. ಕನ್ನಡವು ದ್ರಾವಿಡ ಭಾಷೆಯಾಗಿದ್ದು, ಅದರ ಮೂಲ ಪದಸಂಪತ್ತಿನಲ್ಲಿ ಮಹಾಪ್ರಾಣಗಳ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ಮಹಾಪ್ರಾಣಗಳು, ಶ, ಷ ಮತ್ತು ಋ ಮುಖ್ಯವಾಗಿ ಸಂಸ್ಕೃತದಿಂದ ಬಂದ ಪದಗಳೊಂದಿಗೆ ಬರಹಕ್ಕೆ ಸೇರಿದವು. ಆದ್ದರಿಂದ ಈ ಧ್ವನಿಗಳು ಅನೇಕರಿಗೆ ಮನೆಯ ಮಾತಿನಿಂದಲ್ಲದೆ ಶಾಲೆಯ ಓದಿನಿಂದ ಬರುತ್ತವೆ.

13ನೆಯ ಶತಮಾನದ ವೈಯಾಕರಣ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ಮಾರ್ಪಡುವ ಬಗೆಯನ್ನು ನಿಯಮಬದ್ಧವಾಗಿ ವಿವರಿಸಿದ್ದಾನೆ. ಕಥೆ-ಕತೆ, ಶುಂಠಿ-ಸುಂಟಿ, ಆಕಾಶ-ಆಗಸ, ಋಷಿ-ರಿಸಿ, ಶ್ರೀ-ಸಿರಿ, ಯಜ್ಞ-ಜನ್ನ, ಬ್ರಹ್ಮ-ಬೊಮ್ಮ, ವನ-ಬನ ಮೊದಲಾದ ಜೋಡಿಗಳು ಇದಕ್ಕೆ ಉದಾಹರಣೆಗಳು. ಮಹಾಪ್ರಾಣವು ಅಲ್ಪಪ್ರಾಣವಾಗುವುದು, ಶಕಾರ ಷಕಾರಗಳು ಸಕಾರವಾಗುವುದು ಇಂದಿನ ಆಡುಮಾತಿನಲ್ಲಿಯೂ ಮುಂದುವರಿದಿವೆ. ಚಾಲುಕ್ಯರ ರಾಜಧಾನಿಯಾಗಿದ್ದ ವಾತಾಪಿಯು ಬಾದಾಮಿ ಎನಿಸಿಕೊಂಡಿರುವಲ್ಲಿಯೂ ಪದದ ಮೊದಲ ವಕಾರವು ಬಕಾರವಾಗುವ ನಿಯಮವನ್ನು ಕಾಣಬಹುದು.

ಪ್ರಮುಖ ಬಗೆಗಳು

ಅಲ್ಪಪ್ರಾಣ ಮತ್ತು ಮಹಾಪ್ರಾಣ

ಅಭ್ಯಾಸವನ್ನು 'ಅಬ್ಯಾಸ' ಎಂದೂ ಪಾಠವನ್ನು 'ಪಾಟ' ಎಂದೂ ನುಡಿಯುವುದು ಸಾಮಾನ್ಯ. ಹೆಚ್ಚಿನ ಪದಗಳಲ್ಲಿ ಇದರಿಂದ ಅರ್ಥ ಕೆಡುವುದಿಲ್ಲ. ಆದರೆ ದನ (ಜಾನುವಾರು) ಮತ್ತು ಧನ (ಸಂಪತ್ತು), ಬಾರ (ಬರಲಾರನು) ಮತ್ತು ಭಾರ (ತೂಕ) ಇಂತಹ ಜೋಡಿಗಳಲ್ಲಿ ಅರ್ಥವೇ ಬದಲಾಗುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. ತಪ್ಪಬಾರದೆಂಬ ಎಚ್ಚರದಿಂದ ಅಲ್ಪಪ್ರಾಣವಿರಬೇಕಾದಲ್ಲಿ ಮಹಾಪ್ರಾಣವನ್ನು ಬಳಸಿ 'ವಿಶಿಷ್ಠ', 'ಉತ್ಕೃಷ್ಠ' ಎಂದು ನುಡಿಯುವುದು ಮತ್ತು ಬರೆಯುವುದು ಇದರಲ್ಲಿ ಸೇರುತ್ತದೆ. ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ, ಬಲಿಷ್ಠ ಮುಂತಾದ 'ಎಲ್ಲಕ್ಕಿಂತ ಹೆಚ್ಚು' ಎಂಬ ಭಾವದ ಪದಗಳಲ್ಲಿ ಠಕಾರವಿರುತ್ತದೆ. ಸ್ಪಷ್ಟ, ನಷ್ಟ, ದುಷ್ಟ, ವಿಶಿಷ್ಟ, ಉತ್ಕೃಷ್ಟ ಮುಂತಾದ ಕೃದಂತ ಪದಗಳಲ್ಲಿ ಟಕಾರವಿರುತ್ತದೆ.

ಶ, ಷ ಮತ್ತು ಸ

ಶಕಾರವು ತಾಲವ್ಯ, ಷಕಾರವು ಮೂರ್ಧನ್ಯ, ಸಕಾರವು ದಂತ್ಯ. ಆಡುಮಾತಿನಲ್ಲಿ ಶಕಾರ ಮತ್ತು ಷಕಾರಗಳ ನಡುವಿನ ಭೇದ ಬಹುಮಟ್ಟಿಗೆ ಅಳಿದಿದೆ. ಎರಡನ್ನೂ ಸಕಾರವಾಗಿ ನುಡಿಯುವವರೂ ಅನೇಕರಿದ್ದಾರೆ. ಭಾಷೆಯು 'ಬಾಸೆ'ಯಾಗುವುದು ಈ ಬಗೆಯದು. ಶಂಕರ (ಶಿವ) ಎಂಬುದು ಸಂಕರ (ಬೆರಕೆ) ಆದಾಗ ಅರ್ಥಭೇದವಾಗುತ್ತದೆ. ವಿಶೇಷ, ವಿಶ್ಲೇಷಣೆ, ಶುಶ್ರೂಷೆ ಇವುಗಳಲ್ಲಿ ಶಕಾರ ಷಕಾರಗಳೆರಡೂ ಇರುವುದರಿಂದ ಅವು ಹೆಚ್ಚು ತೊಡಕಿನ ಪದಗಳಾಗಿವೆ.

ಲ-ಳ ಮತ್ತು ನ-ಣ

ಳಕಾರ ಮತ್ತು ಣಕಾರಗಳು ಕನ್ನಡದ ಸ್ವಂತ ಧ್ವನಿಗಳು. ಇವುಗಳ ವ್ಯತ್ಯಾಸವು ದಿನಬಳಕೆಯ ಪದಗಳಲ್ಲಿಯೂ ಅರ್ಥವನ್ನು ಬೇರ್ಪಡಿಸುತ್ತದೆ: ಬೆಲೆ-ಬೆಳೆ, ಹಲ್ಲಿ-ಹಳ್ಳಿ, ಅನ್ನ-ಅಣ್ಣ. ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಮತ್ತು ಹೊರನಾಡಿನಲ್ಲಿ ಬೆಳೆದ ಕನ್ನಡ ಮಕ್ಕಳಿಗೆ ಇವು ಕಷ್ಟವೆನಿಸುವುದುಂಟು. ಲಕಾರದಲ್ಲಿ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಭಾಗಕ್ಕೆ ತಾಗುತ್ತದೆ. ಳಕಾರದಲ್ಲಿ ಅದು ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಸೀರೆಗಳಿಗೆ ಹೆಸರಾದ ಪಟ್ಟಣದ ಹೆಸರು 'ಇಳಕಲ್' ಮತ್ತು 'ಇಲಕಲ್' ಎಂಬ ಎರಡೂ ರೂಪಗಳಲ್ಲಿ ಬಳಕೆಯಲ್ಲಿದೆ.

ಹಕಾರದ ಲೋಪ ಮತ್ತು ಆಗಮ

ಹಳಗನ್ನಡದ ಪದದ ಮೊದಲಿನ ಪಕಾರವು ನಡುಗನ್ನಡದ ಕಾಲಕ್ಕೆ ಹಕಾರವಾಯಿತು: ಪಾಲ್-ಹಾಲು, ಪೂ-ಹೂ, ಪೆಸರ್-ಹೆಸರು. ದಕ್ಷಿಣ ಕರ್ನಾಟಕದ ಹಲವು ಆಡುನುಡಿಗಳಲ್ಲಿ ಈ ಬದಲಾವಣೆ ಇನ್ನೊಂದು ಹೆಜ್ಜೆ ಮುಂದುವರಿದು ಹಕಾರವೇ ಬಿದ್ದುಹೋಗಿ 'ಆಲು', 'ಊವು', 'ಎಸರು' ಎಂಬ ರೂಪಗಳು ಬಂದಿವೆ. ಹಕ್ಕಿಯು 'ಅಕ್ಕಿ'ಯಾದಾಗ ಅರ್ಥವು ಸಂದರ್ಭದಿಂದಲೇ ತಿಳಿಯಬೇಕಾಗುತ್ತದೆ. ಹಕಾರವನ್ನು ಕಷ್ಟಪಟ್ಟು ರೂಢಿಸಿಕೊಂಡವರು ಅದು ಇಲ್ಲದ ಕಡೆಯೂ ಸೇರಿಸುವುದುಂಟು. ಆದರವು (ಗೌರವ) 'ಹಾದರ' (ವ್ಯಭಿಚಾರ) ಆಗುವುದು ಇದಕ್ಕೆ ಹೆಚ್ಚಾಗಿ ಕೊಡುವ ಉದಾಹರಣೆ.

ಹಕಾರವಿರುವ ಒತ್ತಕ್ಷರಗಳು

ಹಕಾರಕ್ಕೆ ಅನುನಾಸಿಕ ಅಥವಾ ಯ, ಲ, ವ ಒತ್ತಾಗಿ ಬಂದಾಗ ಎರಡು ಧ್ವನಿಗಳು ಸ್ಥಾನ ಬದಲಿಸುತ್ತವೆ. ಇದನ್ನು ವರ್ಣವ್ಯತ್ಯಯ ಎನ್ನುತ್ತಾರೆ. ವಿದ್ಯಾವಂತರ ಮಾತಿನಲ್ಲಿಯೂ ಇದು ವ್ಯಾಪಕವಾಗಿದೆ.

* ಬ್ರಹ್ಮ – 'ಬ್ರಮ್ಹ'
* ಚಿಹ್ನೆ – 'ಚಿನ್ಹೆ'
* ಮಧ್ಯಾಹ್ನ – 'ಮಧ್ಯಾನ್ಹ', 'ಮದ್ಯಾನ'
* ಆಹ್ವಾನ – 'ಆವ್ಹಾನ'
* ಪ್ರಹ್ಲಾದ – 'ಪ್ರಲ್ಹಾದ'

ಇವುಗಳಲ್ಲಿ 'ಪ್ರಲ್ಹಾದ' ಎಂಬ ರೂಪವು ಉತ್ತರ ಕರ್ನಾಟಕದಲ್ಲಿ ವ್ಯಕ್ತಿನಾಮವಾಗಿ ಬರಹದಲ್ಲಿಯೂ ನೆಲೆಗೊಂಡಿದೆ.

ಋ ಮತ್ತು ಜ್ಞ

ಋಕಾರದ ಮೂಲ ಉಚ್ಚಾರಣೆ ಕನ್ನಡದಲ್ಲಿ ಉಳಿದಿಲ್ಲ. ಕನ್ನಡಿಗರು ಅದನ್ನು ಸಾಮಾನ್ಯವಾಗಿ 'ರು' ಎಂದೂ ಹಿಂದಿ ಭಾಷಿಕರು 'ರಿ' ಎಂದೂ ನುಡಿಯುತ್ತಾರೆ. ಗೃಹ (ಮನೆ) ಮತ್ತು ಗ್ರಹ (ಆಕಾಶಕಾಯ) ಪದಗಳ ಗೊಂದಲಕ್ಕೆ ಇದು ಕಾರಣವಾಗಿದೆ. ಜ್ಞಕಾರವು ಬರಹದಲ್ಲಿ ಜ ಮತ್ತು ಞ ಸೇರಿದ ಸಂಯುಕ್ತಾಕ್ಷರವಾಗಿದ್ದರೂ ನುಡಿಯುವಾಗ ಕನ್ನಡದಲ್ಲಿ 'ಗ್ನ್ಯ', ಹಿಂದಿಯಲ್ಲಿ 'ಗ್ಯ', ಮರಾಠಿಯಲ್ಲಿ 'ದ್ನ್ಯ' ಎಂಬಂತೆ ಕೇಳಿಸುತ್ತದೆ. ವಿಜ್ಞಾನ, ಕೃತಜ್ಞತೆ ಪದಗಳು ಇದಕ್ಕೆ ಉದಾಹರಣೆಗಳು.

ಅನ್ಯದೇಶ್ಯ ಪದಗಳು

ಪದದ ಮೊದಲಲ್ಲಿ ಸಕಾರಕ್ಕೆ ಒತ್ತಕ್ಷರ ಬಂದಾಗ ಅದರ ಮುಂದೆ ಇಕಾರ ಸೇರುವುದು (ಸ್ಕೂಲು – 'ಇಸ್ಕೂಲು') ಅಥವಾ ಸಕಾರ ಬಿದ್ದುಹೋಗುವುದು (ಸ್ಟೇಷನ್ – 'ಟೇಸನ್') ಕಂಡುಬರುತ್ತದೆ. ಇಂಗ್ಲಿಷಿನ ಹಾಗೂ ಪಾರ್ಸಿಯ ಎರಡು ಧ್ವನಿಗಳಿಗೆ ಫ಼ ಮತ್ತು ಜ಼ ಎಂಬ ಚುಕ್ಕಿಯ ಅಕ್ಷರಗಳಿದ್ದರೂ ಬಳಕೆ ವಿರಳ. ಕಾಫಿಯನ್ನು 'ಕಾಪಿ' ಎನ್ನುವುದು ಒಂದು ಬಗೆಯಾದರೆ, ಫಲ ಎಂಬ ಸಂಸ್ಕೃತ ಪದದ ಫಕಾರವನ್ನು ಇಂಗ್ಲಿಷಿನ 'ಫ಼ೋನ್' ಪದದ ಮೊದಲ ಧ್ವನಿಯಂತೆ ನುಡಿಯುವುದು ಇನ್ನೊಂದು ಬಗೆ. ಹೀಗೆ ಬದಲಾದ ರೂಪವೇ ಶಿಷ್ಟವಾಗಿರುವುದೂ ಉಂಟು. ಇಂಗ್ಲಿಷಿನ 'ಹಾಸ್ಪಿಟಲ್' ಪದಕ್ಕೆ ಸಂಬಂಧಿಸಿದ 'ಆಸ್ಪತ್ರೆ' ಇಂದು ಪ್ರಮಾಣ ಪದವಾಗಿದೆ.

ಬಾಗಲಕೋಟೆ ಪರಿಸರದ ಆಡುನುಡಿ

ಬೇವೂರು, ಬಾದಾಮಿ, ಹುನಗುಂದ, ಇಳಕಲ್ ಮುಂತಾದ ಊರುಗಳನ್ನೊಳಗೊಂಡ ಬಾಗಲಕೋಟೆ ಸೀಮೆಯ ಮಾತು ಉತ್ತರ ಕರ್ನಾಟಕದ ಕನ್ನಡಕ್ಕೆ ಸೇರುತ್ತದೆ. ಇಲ್ಲಿ ಪದದ ಮೊದಲಿನ ಹಕಾರ ಹೆಚ್ಚಾಗಿ ಉಳಿದಿದೆ. ಪದದ ಕೊನೆಯ ಎಕಾರವು ಇಕಾರವಾಗುತ್ತದೆ: ಮನೆ-ಮನಿ, ಎಮ್ಮೆ-ಎಮ್ಮಿ, ಕುದುರೆ-ಕುದುರಿ. ಕೊನೆಯ ಉಕಾರವು ಸಡಿಲಗೊಂಡು ಬೇವೂರು 'ಬೇವೂರ' ಎಂದೂ ಹಾಲು 'ಹಾಲ' ಎಂದೂ ಕೇಳಿಸುತ್ತದೆ. ಶಾಲೆಯನ್ನು 'ಸಾಲಿ' ಎನ್ನುವಲ್ಲಿ ತದ್ಭವವಾದ 'ಸಾಲೆ' ಎಂಬ ರೂಪವೇ ಈ ನಿಯಮದಂತೆ ಬದಲಾಗಿದೆ.

ಏಕಾರ ಮತ್ತು ಓಕಾರಗಳ ಬದಲಾವಣೆ ಈ ಮಾತಿನ ಇನ್ನೊಂದು ಲಕ್ಷಣ. ಬೇಡ-'ಬ್ಯಾಡ', ತೋಟ-'ತ್ವಾಟ', ಬಾಗಲಕೋಟೆ-'ಬಾಗಲಕ್ವಾಟಿ' ಎಂದಾಗುತ್ತವೆ. ಆದರೆ ಬೇಕು ಎಂಬುದು 'ಬ್ಯಾಕು' ಆಗುವುದಿಲ್ಲ. ಮುಂದಿನ ಅಕ್ಷರದಲ್ಲಿ ಮೂಲತಃ ಅಕಾರ ಅಥವಾ ಎಕಾರವಿದ್ದರೆ ಬದಲಾವಣೆ ಆಗುತ್ತದೆ. ಇಕಾರ ಅಥವಾ ಉಕಾರವಿದ್ದರೆ ಸಾಮಾನ್ಯವಾಗಿ ಆಗುವುದಿಲ್ಲ. ಈ ನಿಯಮವನ್ನು ಯಾರೂ ಕಲಿಸದಿದ್ದರೂ ಆ ಭಾಗದ ಮಕ್ಕಳು ತಪ್ಪದೆ ಪಾಲಿಸುತ್ತಾರೆ. ಆದ್ದರಿಂದ ಭಾಷಾವಿಜ್ಞಾನದ ದೃಷ್ಟಿಯಲ್ಲಿ ಇದು ದೋಷವಲ್ಲ.

ಸಾಮಾಜಿಕ ಆಯಾಮ

ಉಚ್ಚಾರಣೆಯನ್ನು ವ್ಯಕ್ತಿಯ ವಿದ್ಯೆ, ಜಾತಿ ಮತ್ತು ಊರುಗಳ ಗುರುತಾಗಿ ನೋಡುವ ರೂಢಿಯಿದೆ. ಹಕಾರ ಬಿಟ್ಟು ನುಡಿಯುವವರನ್ನು ಹಾಗೂ ಶಕಾರವನ್ನು ಸಕಾರವಾಗಿ ನುಡಿಯುವವರನ್ನು ಗೇಲಿ ಮಾಡುವುದು ತರಗತಿಗಳಲ್ಲಿಯೂ ಚಲನಚಿತ್ರಗಳ ಹಾಸ್ಯದಲ್ಲಿಯೂ ಕಂಡುಬರುತ್ತದೆ. ಮನೆಯಲ್ಲಿ ಆ ಧ್ವನಿಗಳನ್ನು ಕೇಳದೆ ಬೆಳೆದ ಮಗುವಿಗೆ ಓದುವುದರ ಜೊತೆಗೆ ಹೊಸ ಧ್ವನಿಗಳನ್ನು ಕಲಿಯುವ ಹೊರೆಯೂ ಇರುತ್ತದೆ. ಗೇಲಿಗೆ ಅಂಜಿದ ಮಗು ಗಟ್ಟಿಯಾಗಿ ಓದಲು ಹಿಂಜರಿಯಬಹುದು.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಿಗರ ಸಹಜ ಉಚ್ಚಾರಣೆಗೆ ಬರಹವನ್ನು ಹೊಂದಿಸಬೇಕೆಂದು ವಾದಿಸಿ, ಮಹಾಪ್ರಾಣಗಳು, ಷಕಾರ ಮತ್ತು ಋಕಾರಗಳನ್ನು ಕೈಬಿಟ್ಟ 'ಹೊಸ ಬರಹ'ವನ್ನು ಪ್ರತಿಪಾದಿಸಿದರು. ಇದರಿಂದ ಹಳೆಯ ಸಾಹಿತ್ಯದ ಓದಿಗೆ ತೊಡಕಾಗುತ್ತದೆ ಮತ್ತು ಅರ್ಥಭೇದಗಳು ಅಳಿಯುತ್ತವೆ ಎಂಬ ಆಕ್ಷೇಪಗಳೂ ಇವೆ. ಪಠ್ಯಪುಸ್ತಕ ಮತ್ತು ಆಡಳಿತಗಳಲ್ಲಿ ಸಾಂಪ್ರದಾಯಿಕ ಬರಹವೇ ಮುಂದುವರಿದಿದೆ.

ಕಲಿಕೆಯ ಕ್ರಮಗಳು

* ಮಹಾಪ್ರಾಣ: ಬಾಯಿಯ ಮುಂದೆ ಅಂಗೈ ಹಿಡಿದು ಪ-ಫ, ಕ-ಖ ಎಂದು ನುಡಿದರೆ ಎರಡನೆಯದರಲ್ಲಿ ಹೆಚ್ಚಿನ ಉಸಿರು ತಾಗುವುದು ತಿಳಿಯುತ್ತದೆ.
* ಅರ್ಥಭೇದಕ ಜೋಡಿಗಳು: ಬೆಲೆ-ಬೆಳೆ, ಅಕ್ಕಿ-ಹಕ್ಕಿ, ದನ-ಧನ ಮುಂತಾದವನ್ನು ವಾಕ್ಯಗಳಲ್ಲಿ ಬಳಸುವುದು.
* ಒತ್ತಕ್ಷರಗಳು: ಪದವನ್ನು ಚಿಹ್-ನೆ, ಬ್ರಹ್-ಮ, ಆಹ್-ವಾನ ಎಂದು ಬಿಡಿಸಿ ನಿಧಾನವಾಗಿ ನುಡಿದು, ಅನಂತರ ಕೂಡಿಸುವುದು.
* ತದ್ಭವಗಳ ಪರಿಚಯ: ಕತೆ, ಸುಂಟಿ, ಸಿರಿ ಮುಂತಾದವು ತಪ್ಪು ಪದಗಳಲ್ಲ, ಅಂಗೀಕೃತ ರೂಪಗಳು ಎಂಬುದನ್ನು ತಿಳಿಸುವುದು.

ಇವನ್ನೂ ನೋಡಿ

* ಕನ್ನಡ ವರ್ಣಮಾಲೆ
* ತತ್ಸಮ-ತದ್ಭವ
* ಶಬ್ದಮಣಿದರ್ಪಣ
* ಕನ್ನಡದ ಉಪಭಾಷೆಗಳು